ದೂರು ಹೇಳಲು ಕಲಿತ ಗೇರಣ್ಣ

ಸೈನ್ಯದಲ್ಲಿ ಟ್ರಕ್ ಓಡಿಸುತ್ತಿದ್ದಾಗ ಜೊತೆಯವರು ಇಟ್ಟ ಹೆಸರು ಗೇರಣ್ಣ. ಎಂಥ ಏರಿನಲ್ಲೂ ಸದ್ದಾಗದಂತೆ ಗೇರ್ ಬದಲಿಸುವುದರಲ್ಲಿ ಅವನದು ಎತ್ತಿದ ಕೈ. ಒಂದು ದಿನ ರಸ್ತೆಯಲ್ಲಿ ಹುಗಿದಿಟ್ಟಿದ್ದ ಸಿಡಿಮದ್ದು ಅವನ ಬಲಗಾಲನ್ನು ಮೊಣಕಾಲಿನ ಮೇಲಿನವರೆಗೆ ಕಿತ್ತುಕೊಂಡಿತು. ನಿವೃತ್ತನಾಗಿ ಬಂದ ಮೇಲೆ ಕೃತಕ ಕಾಲು ಹಾಕಿಕೊಂಡು, ವಾಹನಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಹೇಗಿದ್ದೀಯ ಎಂದು ಯಾರು ಕೇಳಿದರೂ "ಫಸ್ಟ್ ಕ್ಲಾಸ್" ಎನ್ನುವನು. ಜ್ವರವಿದ್ದಾಗಲೂ ಅದೇ ಉತ್ತರ.

ಮಾಜಿ ಸೈನಿಕರ ಆಸ್ಪತ್ರೆಯಲ್ಲಿ, ಬಟ್ಟೆ ಒಗೆಯುವ ಕೋಣೆಯನ್ನು ದಾಟಿ ಹಿಂದಕ್ಕೆ ಹೋದರೆ ಸಂಶೋಧನಾ ವಿಭಾಗ. ಅಲ್ಲಿ ಹೊಸ ಬಗೆಯ ಮೊಣಕಾಲಿನ ಕೀಲೊಂದನ್ನು ಪರೀಕ್ಷಿಸುತ್ತಿದ್ದರು. ಎಣ್ಣೆಯ ಒತ್ತಡದಿಂದ ಮಡಚಿ ಬಿಚ್ಚುವಂಥದ್ದು. ಅದರ ಹೊಣೆ ಹೊತ್ತಿದ್ದ ಡಾಕ್ಟರಮ್ಮ ಗೇರಣ್ಣನನ್ನು ಕರೆಸಿ ಮುಚ್ಚುಮರೆಯಿಲ್ಲದೆ ಹೇಳಿದರು: "ನೋಡಿ, ಇದು ಚಿಕಿತ್ಸೆ ಅಲ್ಲ, ಪ್ರಯೋಗ. ನಿಮಗೆ ಉಪಯೋಗ ಆಗದೆಯೂ ಇರಬಹುದು. ಬೇಡ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ಬಿಡಬಹುದು."

ಗೇರಣ್ಣನ ಕಿವಿಗೆ ಬಿದ್ದದ್ದು ಎಣ್ಣೆಯ ಒತ್ತಡ ಎಂಬುದಷ್ಟೇ. "ನಮ್ಮ ಟ್ರಕ್ಕಿನ ಬ್ರೇಕ್ ಇದ್ದ ಹಾಗೆ ಅನ್ನಿ!" ಎಂದು ಅಲ್ಲೇ ಒಪ್ಪಿಕೊಂಡ.

ಆ ಕೀಲಿರುವ ಹೊಸ ಕಾಲು ಹಾಕಿ ಅವನನ್ನು ಮನೆಗೆ ಕಳಿಸಿದರು. ಆಸ್ಪತ್ರೆಗೆ ಹೋದಾಗಲೆಲ್ಲ ಮೈಗೆ ಹೊಳೆಯುವ ಚುಕ್ಕೆಗಳನ್ನು ಅಂಟಿಸಿ ಕ್ಯಾಮೆರಾಗಳ ಮುಂದೆ ನಡೆಸುತ್ತಿದ್ದರು. ಕೊನೆಗೆ ಡಾಕ್ಟರಮ್ಮ, ನೋವಿದೆಯಾ, ಎಡವುತ್ತೀರಾ ಎಂದು ವಿಚಾರಿಸುವರು.

"ಎಲ್ಲ ಫಸ್ಟ್ ಕ್ಲಾಸ್, ಮೇಡಂ."

ಒಮ್ಮೆ ಹೆಂಡತಿಯೂ ಜೊತೆಗೆ ಬಂದಿದ್ದಳು. ಆ ಮಾತು ಕೇಳಿದ್ದೇ ತಡ, ಅವಳಿಗೆ ತಡೆಯಲಾಗಲಿಲ್ಲ.

"ಏನ್ರೀ ಫಸ್ಟ್ ಕ್ಲಾಸು? ಮೇಡಂ, ಮನೆಗೆ ಬಂದ ತಕ್ಷಣ ಆ ಕಾಲು ಮಂಚದ ಕೆಳಗೆ ಹೋಗುತ್ತೆ. ಆಮೇಲೆ ಊರುಗೋಲಲ್ಲೇ ಓಡಾಟ. ತೊಡೆ ಚರ್ಮ ಕಿತ್ತು ಬಂದಿದೆ. ಮೊನ್ನೆ ಆ ಕಾಲು ಹಾಕ್ಕೊಂಡೇ ಬಚ್ಚಲಿಗೆ ಹೋಗಿ ಬಿದ್ರಲ್ಲ, ಅದನ್ನ ಹೇಳಿದ್ರಾ?"

"ಸುಮ್ನಿರೇ ನೀನು," ಗೇರಣ್ಣ ಗದರಿದ.

ಡಾಕ್ಟರಮ್ಮ ಗಾಯ ನೋಡಿ ಪಟ್ಟಿ ಹಾಕಿಸಿದರು. ಆಮೇಲೆ ನಿಧಾನವಾಗಿ ಹೇಳಿದರು: "ನೀವು ಇಷ್ಟು ದಿನ ಹೇಳಿದ್ದು ಯಾವುದೂ ನಮ್ಮ ಕೆಲಸಕ್ಕೆ ಬರಲ್ಲ. ಇದೇ ಕೀಲನ್ನ ನಾಳೆ ಇನ್ನೊಬ್ಬರಿಗೆ ಹಾಕ್ತೀವಿ. ಅವರೂ ಬೀಳ್ತಾರೆ."

ಗೇರಣ್ಣನ ಮುಖ ಸಪ್ಪಗಾಯಿತು. ಬಸ್ಸಿನಲ್ಲಿ ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ. ಇಳಿಯುವ ಜಾಗ ಹತ್ತಿರವಾದಾಗ ಗೊಣಗಿದ: "ದೂರು ಹೇಳೋನನ್ನ ಸೈನ್ಯದಲ್ಲಿ ಹೇಡಿ ಅಂತಿದ್ರು ಕಣೇ."

"ಬ್ರೇಕ್ ಹಿಡೀದೇ ಇದ್ರೆ ಟ್ರಕ್ಕನ್ನ ಹಾಗೇ ಓಡಿಸ್ತಿದ್ರಾ?"

"ಓಡಿಸೋದಾ! ಮೆಕ್ಯಾನಿಕ್ಕಿನ ಜನ್ಮ ಜಾಲಾಡಿ ಸರಿ ಮಾಡಿಸ್ತಿದ್ದೆ."

"ಮತ್ತೆ, ನಿಮ್ಮ ಕಾಲು ಟ್ರಕ್ಕಿಗಿಂತ ಕಡೆಯಾ?"

ಅವನಿಗೆ ನಗು ಬಂತು. ಅವಳಿಗೆ ಕಾಣಬಾರದೆಂದು ಕಿಟಕಿಯ ಕಡೆ ಮುಖ ಮಾಡಿದ.

ಮುಂದಿನ ಸಲ ಹೋದಾಗ ಬಾಯಿ ಬಿಟ್ಟ. ಇಳಿಜಾರಿನಲ್ಲಿ ಕೀಲು ತಡವಾಗಿ ಹಿಡಿಯುತ್ತದೆ, ಒದ್ದೆ ನೆಲದಲ್ಲಿ ತಟ್ಟನೆ ಮಡಚುತ್ತದೆ, ತೊಡೆ ಕೂರುವ ಬಟ್ಟಲಿನ ಅಂಚು ಉಜ್ಜುತ್ತದೆ. ಹೇಳುತ್ತ ಹೇಳುತ್ತ ಧೈರ್ಯ ಬಂತು. ಆಮೇಲೆ ಅದೇ ರೂಢಿಯಾಯಿತು. ಕಾಲು ಜೋಡಿಸುವ ಮೇಸ್ತ್ರಿ ಅವನನ್ನು ಕಂಡೊಡನೆ, "ಬಂದ್ರಪ್ಪ, ಕಾಲು ಕೆರ್ಕೊಂಡು ಜಗಳಕ್ಕೆ ಬಂದ್ರು" ಎನ್ನುತ್ತಿದ್ದ.

"ಕೆರೆಯೋಕೆ ಮೊದಲು ಕಾಲು ನೆಟ್ಟಗೆ ಮಾಡ್ಕೊಡಯ್ಯ," ಎಂದು ಗೇರಣ್ಣ ತಿರುಗೇಟು ಕೊಡುವನು.

ಬಟ್ಟಲನ್ನು ಹೊಸ ಅಚ್ಚು ತೆಗೆದು ಮಾಡಿದರು, ಗಾಯ ಮಾಯಿತು. ಕೀಲು ಮಾತ್ರ ಹಟ ಬಿಡಲಿಲ್ಲ. ಎಷ್ಟು ಸರಿಪಡಿಸಿದರೂ ಒದ್ದೆ ನೆಲದಲ್ಲಿ ಕೈಕೊಡುತ್ತಿತ್ತು. ಅದನ್ನು ಹಾಕಿಕೊಂಡಿದ್ದ ಇನ್ನಿಬ್ಬರೂ ಜಾರಿಬಿದ್ದ ಮೇಲೆ ಡಾಕ್ಟರಮ್ಮ ಪ್ರಯೋಗವನ್ನೇ ನಿಲ್ಲಿಸಿದರು.

"ನನ್ನಿಂದ ಹೀಗಾಯ್ತಾ?" ಗೇರಣ್ಣ ಅಳುಕುತ್ತಲೇ ಕೇಳಿದ.

"ನಿಮ್ಮಿಂದಲೂ ಆಯ್ತು. ಯಾರದಾದ್ರೂ ಮೂಳೆ ಮುರಿಯೋ ಮುಂಚೆ ನಿಂತಿತಲ್ಲ, ಒಳ್ಳೇದೇ ಆಯ್ತು. ಮತ್ತೆ ಮೊದಲಿಂದ ಶುರು ಮಾಡ್ತೀವಿ."

ಕೀಲನ್ನು ವಾಪಸು ಕೊಡುವಾಗ ಅವನಿಗೆ ಸಂಕಟವಾಯಿತು. ಏನೇ ಬೈದಿದ್ದರೂ ಸಮತಟ್ಟಾದ ನೆಲದ ಮೇಲೆ ಅದರ ನಡಿಗೆ ಹಗುರವಾಗಿತ್ತು. ಅವನ ಹಳೆಯ ಕಾಲಿಗೆ ಹೊಸ ಬಟ್ಟಲು ಕೂರಿಸಿ ಕಳಿಸಿದರು. ಅದು ಉಜ್ಜುವುದಿಲ್ಲ; ಈಗ ಅಂಗಡಿಯಲ್ಲಿ ಮಧ್ಯಾಹ್ನವೂ ನಿಂತೇ ಕೆಲಸ ಮಾಡುತ್ತಾನೆ.

ಕೀಲಿನ ಎರಡನೆಯ ವಿನ್ಯಾಸ ಸಿದ್ಧವಾಗಿದೆ ಎಂದು ಹೋದ ವಾರ ಆಸ್ಪತ್ರೆಯಿಂದ ಫೋನ್ ಬಂತು. ಗೇರಣ್ಣ ಹಿಂದೆಮುಂದೆ ನೋಡದೆ ಹೂಂ ಎಂದ. ಹೆಂಡತಿ ಬೇಡ ಎನ್ನಲಿಲ್ಲ. "ಬಿದ್ರೆ ನಾನಂತೂ ಎತ್ತಲ್ಲ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಅಂಗಡಿಯಲ್ಲಿ ಈಗಲೇ ರಜೆ ಹೇಳಿಡಿ ಎಂದು ನೆನಪಿಸಿದಳು.