ರೊಟ್ಟಿ ಒಲೆಗೆ ಬಾರದ ಗ್ಯಾಸು

ಹುಬ್ಬಳ್ಳಿಯ ಹೊರಗಿನ ಒಂದು ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ನಾನು ಆಪರೇಟರ್. ಗಟಾರದ ನೀರಿನಿಂದ ಬೇರ್ಪಟ್ಟ ರಾಡಿ ಮುಚ್ಚಿದ ದೊಡ್ಡ ಟ್ಯಾಂಕಿನಲ್ಲಿ ಕೊಳೆತು ಗ್ಯಾಸು ಹುಟ್ಟುತ್ತದೆ. ಅದನ್ನು ಎತ್ತರದ ಕೊಳವೆಯ ತುದಿಯಲ್ಲಿ ಸುಟ್ಟುಬಿಡುವುದು ನನ್ನ ಕೆಲಸಗಳಲ್ಲೊಂದು.

ನಮ್ಮ ಗೋಡೆಯಾಚೆ, ತಗಡಿನ ಶೆಡ್ಡಿನಲ್ಲಿ, ಅಣ್ಣನ ಹೆಂಡತಿ, ನನ್ನ ವೈನಿ, ಇನ್ನಿಬ್ಬರು ಹೆಂಗಸರ ಜೊತೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ನನ್ನ ಅಣ್ಣ ತೀರಿಕೊಂಡ ಮೇಲೆ ಅವರು ಹಿಡಿದ ಕೆಲಸ ಅದು. ಮಳೆಗಾಲದಲ್ಲಿ ಹಸಿ ಕಟ್ಟಿಗೆಯ ಹೊಗೆ ಶೆಡ್ಡು ಬಿಟ್ಟು ಹೋಗುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಬಿಸಿ ರೊಟ್ಟಿ ಕೊಡುತ್ತ ವೈನಿ ಕೇಳಿದರು: "ಅಲ್ಲೋ, ದಿನಾ ಅಷ್ಟು ಬೆಂಕಿ ಸುಮ್ನ ಹಾಳು ಮಾಡಾಕತ್ತೀರಿ. ನಮ್ಮ ಒಲಿಗೊಂದು ಪೈಪ್ ಎಳಿಯಾಕ ಬರೂದಿಲ್ಲೇನು?"

"ಕೇಳಿ ನೋಡ್ತೇನ್ರಿ ವೈನಿ," ಅಂದೆ. ಹಾಗೆ ಅನ್ನಬಾರದಿತ್ತು. ಅವರು ಅಂದಿನಿಂದಲೇ ಕಾಯತೊಡಗಿದರು.

ಅರ್ಜಿ ಬರೆದು ಎಂಜಿನಿಯರ್ ಸಾಹೇಬರಿಗೆ ಕೊಟ್ಟೆ. ಅವರು ನನ್ನನ್ನು ಎದುರಿಗೆ ಕೂಡಿಸಿಕೊಂಡು ತಿಳಿಸಿ ಹೇಳಿದರು. "ಇದರಾಗ ಗಂಧಕದ ವಿಷ ಐತ್ರಿ. ಸ್ವಚ್ಛ ಮಾಡದ ಕೊಟ್ರ ಆ ಹೆಣ್ಮಕ್ಕಳ ಜೀವಕ್ಕ ಅಪಾಯ. ಸುಡದ ಬಿಟ್ರ ಗಾಳಿಗೆ ಇನ್ನೂ ಕೆಟ್ಟದ್ದು. ಸ್ವಚ್ಛ ಮಾಡೂ ಯಂತ್ರ ಬೇಕಂತ ನಾ ಬರದು ಭಾಳ ದಿನ ಆತು."

ಎರಡು ಮಳೆಗಾಲ ಕಳೆದ ಮೇಲೆ ಗ್ಯಾಸು ಸ್ವಚ್ಛ ಮಾಡುವ ಯಂತ್ರ ಬಂತು, ಜೊತೆಗೆ ಅದರಿಂದ ಕರೆಂಟು ತೆಗೆಯುವ ಎಂಜಿನ್ನೂ ಬಂತು. ಗ್ಯಾಸು ಮೊದಲು ನಮ್ಮ ಪಂಪುಗಳ ಕರೆಂಟಿಗೆ, ಮಿಕ್ಕರೆ ಶೆಡ್ಡಿನ ಒಲೆಗೆ ಎಂದರು ಸಾಹೇಬರು. ಸುದ್ದಿ ಕೇಳಿ ವೈನಿ ಹೊಸ ಒಲೆಗೆಂದು ಒಂದು ಮೂಲೆ ತೆರವು ಮಾಡಿ ಸಾರಿಸಿದರು.

ಶೆಡ್ಡಿಗೆ ಪೈಪು ಎಳೆಯುವ ಮೊದಲೇ, ಕೆಲವೇ ತಿಂಗಳಲ್ಲಿ ಎರಡೂ ಕೆಟ್ಟು ನಿಂತವು. ರಿಪೇರಿಯವರು ಬಿಚ್ಚಿ ನೋಡಿ, ಒಳಗೆಲ್ಲ ತುಕ್ಕು ಹಿಡಿದಿದೆ, ಬೇಕಾದ ಸಾಮಾನು ದೂರದಿಂದ ಬರಬೇಕು ಎಂದು ಹೇಳಿ ಹೋದವರು ತಿರುಗಿ ಬರಲಿಲ್ಲ. ಸಾಹೇಬರಿಗೆ ವರ್ಗವಾಯಿತು. ಹೊಸಬರ ಹತ್ತಿರ ಮೂರು ಸಲ ಹೋದೆ. ಮೂರು ಸಲವೂ "ನೋಡೋಣ್ರಿ" ಎಂದರು. ನಾನು ಮತ್ತೆ ಗ್ಯಾಸು ಸುಡತೊಡಗಿದೆ.

ಅಷ್ಟರಲ್ಲಿ ವೈನಿಯ ಕೆಮ್ಮು ಜೋರಾಯಿತು. ಹೊಗೆಯ ಹತ್ತಿರ ಸುಳಿಯಬೇಡಿ ಎಂದರು ಡಾಕ್ಟರು. ಶೆಡ್ಡನ್ನು ಜೊತೆಯವರಿಗೆ ಬಿಟ್ಟು ಅವರು ಹಳೇ ಹುಬ್ಬಳ್ಳಿಯ ನಮ್ಮ ಮನೆಗೆ ಬಂದರು.

"ನನ್ನ ಕಡಿಂದ ಏನೂ ಆಗಲಿಲ್ರಿ ವೈನಿ," ಅಂದೆ.

"ನೀ ಏನ್ ಮಾಡ್ತಿ, ಬಿಡು," ಎಂದು ಅವರು ಮೆಂತ್ಯಪಲ್ಲೆಯ ಎಲೆ ಬಿಡಿಸಿ ಸೋಸುತ್ತ ಕುಳಿತರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಡ್ಯೂಟಿಗೆ ಹೋದಾಗ ವೈನಿಯ ಜೊತೆ ರೊಟ್ಟಿ ಬಡಿಯುತ್ತಿದ್ದ ಇಬ್ಬರಲ್ಲೊಬ್ಬಳು ಶೆಡ್ಡಿನ ಬಾಗಿಲಿಗೆ ಬಂದಳು. "ಅಕ್ಕಾರು ಆರಾಮ ಅದಾರೇನ್ರಿ?" ಎಂದು ಕೇಳಿದಳು. ಪೈಪಿನ ಮಾತು ಎತ್ತಲಿಲ್ಲ.