ಶುಕ್ರವಾರ ಅಳಿಸದ ಹೆಸರು

ವಿಕ್ರೋಳಿಯ ಕಾರ್ಖಾನೆಯಲ್ಲಿ ನಂಜುಂಡ ಕೂರುತ್ತಿದ್ದುದು ಕಂಪ್ಯೂಟರ್ ಕೋಣೆಯಲ್ಲಿ. ಅಲ್ಲಿ ಏಸಿ ಇತ್ತು, ಮನುಷ್ಯರಿಗಲ್ಲ, ಯಂತ್ರಕ್ಕೆ. ಹಾಗಾಗಿ ಮೈಸೂರಿನ ಈ ಪುಣ್ಯಾತ್ಮ ಮೇ ತಿಂಗಳಲ್ಲೂ ಸ್ವೆಟರ್ ಹಿಡಿದು ಲೋಕಲ್ ರೈಲು ಹತ್ತಿ, ಕಂಡವರೆದುರು ನಗೆಪಾಟಲಾಗುತ್ತಿದ್ದ.

ಅವನ ಕೆಲಸ ಹೆಸರು ಕಾಯುವುದು. ಕಂಪನಿಯ ಒಂದೊಂದು ವಿಭಾಗಕ್ಕೂ ಯಂತ್ರದೊಳಗೆ ಒಂದು ಹೆಸರು. ಆ ಹೆಸರಿಗೆ ಕಳಿಸಿದ ಮೇಲ್ ಆ ವಿಭಾಗದ ಪೆಟ್ಟಿಗೆಗೆ ಬಂದು ಬೀಳುತ್ತಿತ್ತು. ವಿಭಾಗ ಮುಚ್ಚಿತೋ, ಹೆಸರು ತೆಗೆಯಬೇಕು. ಆಗ ಮೇಲ್ ಕಳಿಸಿದವರಿಗೇ ವಾಪಸ್ಸು. ತೆಗೆಯದಿದ್ದರೆ ಯಾರೂ ತೆರೆಯದ ಪೆಟ್ಟಿಗೆಯಲ್ಲಿ ತೆಪ್ಪಗೆ ಬಿದ್ದಿರುತ್ತದೆ.

ತೊಂಬತ್ತೆರಡರ ಒಂದು ಶುಕ್ರವಾರ, ಬಾಂದ್ರಾದಲ್ಲಿ ಮುಚ್ಚಿಹೋದ ಪ್ಯಾಕಿಂಗ್ ವಿಭಾಗದ ಹೆಸರು ತೆಗೆಯಲು ಹುಕುಂ ಬಂತು. ಅಲ್ಲಿದ್ದ ಕಿಟ್ಟು ಚೆಂಬೂರಿನಲ್ಲಿ ನಂಜುಂಡನ ಪಕ್ಕದ ಬಿಲ್ಡಿಂಗಿನವನು. ಜಾಗ ಖಾಲಿಯಾದರೆ ಕರೆಯುತ್ತೇವೆ ಎಂದ ಸಾಹೇಬರ ಮಾತು ನಂಬಿ ಮನೆಯಲ್ಲಿ ಕೂತಿದ್ದ.

ನಂಜುಂಡ ಕೀಬೋರ್ಡಿನ ಮೇಲಿಟ್ಟ ಬೆರಳನ್ನು ಹಾಗೇ ಹಿಂದಕ್ಕೆ ತೆಗೆದ. ಶುಕ್ರವಾರ ಪಕ್ಕದ ಮನೆಗೆ ಒಂದು ಹಿಡಿ ಉಪ್ಪನ್ನೂ ಕೊಡದ ವಂಶ ಅವನದು. ಗೆಳೆಯನ ಅನ್ನದ ಹೆಸರನ್ನು ಅಳಿಸುವುದೇ? ಯುನಿಕ್ಸ್ ಕಲಿತಿದ್ದನೇನೋ ನಿಜ, ಆದರೆ ಅಮ್ಮ ಕಲಿಸಿದ್ದು ಅದಕ್ಕಿಂತ ಹಳೆಯ ಆಪರೇಟಿಂಗ್ ಸಿಸ್ಟಮ್. ನಾಳೆ ನೋಡೋಣವೆಂದು ಮನೆಗೆ ಹೊರಟ.

ಶನಿವಾರ ಹೆಸರು ತೆಗೆಯುವ ಮುನ್ನ ಪೆಟ್ಟಿಗೆ ಇಣುಕಿದರೆ ಒಂದು ಮೇಲ್. ಸ್ಟೋರ್ಸ್‌ನಲ್ಲಿ ಒಂದು ಜಾಗವಿದೆ, ಕಿಟ್ಟು ಶನಿವಾರ ಒಂಬತ್ತಕ್ಕೆ ಬಂದು ಸಾಹೇಬರನ್ನು ಕಾಣಬೇಕು. ಆಗಲೇ ಹನ್ನೊಂದಾಗಿತ್ತು. ನಂಜುಂಡ ಸಿಬ್ಬಂದಿ ವಿಭಾಗಕ್ಕೆ ಓಡಿದ. ಮೇಲ್ ಕಳಿಸಿದ್ದ ನೀಲಾಬಾಯಿ ಟೈಪ್ ಮಾಡುತ್ತಲೇ ಹೇಳಿದಳು: ನಿನ್ನೆ ಸಂಜೆ ಅಭ್ಯಾಸಬಲದಿಂದ ಹಳೇ ಹೆಸರಿಗೇ ಹಾಕಿದ್ದಳಂತೆ. ವಾಪಸ್ ಬಂದಿದ್ದರೆ ಮನೆಗೇ ಪ್ಯೂನ್ ಕಳಿಸುತ್ತಿದ್ದಳು. ಬರಲಿಲ್ಲ, ತಲುಪಿತು ಅಂದುಕೊಂಡಳು. ಈಗ ಜಾಗ ಇನ್ನೊಬ್ಬನ ಪಾಲು.

ಸಂಜೆ ನಂಜುಂಡ ಕಿಟ್ಟುವಿನ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಸಿದ. ಕಿಟ್ಟುವಿನ ಹೆಂಡತಿ ಶಾಮಲಾ ಕಾಫಿ ಲೋಟಗಳನ್ನು ಇಟ್ಟು ಒಳಗೆ ಹೋದಳು.

"ಶುಕ್ರವಾರ ಅಂತ ಬಿಟ್ಟೆ ಕಣೋ," ಅಂದ ನಂಜುಂಡ.

"ಕಂಪ್ಯೂಟರ್‌ಗೂ ಎಣ್ಣೆನೀರು ಹಾಕಿ ಕುಂಕುಮ ಇಟ್ಟಿದ್ಯೇನೋ?" ಕಿಟ್ಟು ನಗಲು ನೋಡಿದ, ಆಗಲಿಲ್ಲ. ಲೋಟ ಕೈಗೆತ್ತಿಕೊಂಡು ಕೇಳಿದ: "ಸ್ಟೋರ್ಸ್ ಸೀಟು ಕಿಟಕಿ ಪಕ್ಕದ್ದೇ ಅಲ್ವಾ?"

ಹೌದೆಂಬುದು ನಂಜುಂಡನಿಗೆ ಗೊತ್ತಿತ್ತು. ಖಾಡಿಯ, ಆ ಉಪ್ಪುನೀರಿನ ಹಿನ್ನೀರಿನ, ಕಡೆಯಿಂದ ಗಾಳಿ ಬರುವ, ಆಳೆತ್ತರದ ಕಿಟಕಿ.

"ಎಲ್ಲಿ ಕಿಟಕಿ? ಬರೀ ಗೋಡೆ. ಹಗಲೆಲ್ಲ ಟ್ಯೂಬ್‌ಲೈಟು," ಅಂದ ನಂಜುಂಡ.

ಕಿಟ್ಟು ತಲೆಯಾಡಿಸಿದ. ಪ್ಯಾಕಿಂಗ್ ಸಾಮಾನಿಗಾಗಿ ಬಾಂದ್ರಾದಿಂದ ಬಂದು ಅವನು ಅದೇ ಕಿಟಕಿಯೆದುರು ಎಷ್ಟೋ ಸಲ ಕಾದು ನಿಂತವನೆಂಬುದು ನಂಜುಂಡನಿಗೆ ಹೊಳೆದದ್ದು ಮೆಟ್ಟಿಲಿಳಿಯುವಾಗ.