ಭಂಡಾರದ ಪೊಟ್ಟಣದ ಮೇಲೆ ಅವ್ವನ ಆಧಾರ್

ಉಗರಗೋಳದಲ್ಲಿ, ಎಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯಲ್ಲಿ, ನಮ್ಮವ್ವನದು ಕುಂಕುಮ ಮತ್ತು ಭಂಡಾರದ, ಅಂದರೆ ದೇವಿಗೆ ಏರಿಸುವ ಅರಿಶಿನ ಪುಡಿಯ ಅಂಗಡಿ. ಅಂಗಡಿ ಎಂದರೆ ನಾಲ್ಕು ಕಂಬ, ಮೇಲೊಂದು ತಾಡಪತ್ರಿ. ಮಳೆ ಬಂದರೆ ಮಾಲೆಲ್ಲ ರಾಡಿ. ತಗಡಿನ ಶೆಡ್ ಹಾಕಿಸಬೇಕೆಂದು ಸವದತ್ತಿಯ ಸೊಸೈಟಿಯೊಂದರಲ್ಲಿ ಅವಳ ಹೆಸರಿನಲ್ಲಿ ಸಾಲಕ್ಕೆ ಅರ್ಜಿ ಕೊಟ್ಟಿದ್ದೆವು. ನಾನು ಸವದತ್ತಿಗೇ ಕೊಟ್ಟ ಮಗಳು, ಹಾಗಾಗಿ ಓಡಾಟವೆಲ್ಲ ನನ್ನದೇ.

ಇರಲಿ ಎಂದು ಆಧಾರ್, ಪ್ಯಾನ್ ಎರಡನ್ನೂ ಹೆಚ್ಚಿಗೆ ಝರಾಕ್ಸ್ ಮಾಡಿಸಿ, ಉಳಿದವನ್ನು ಅಂಗಡಿಯಲ್ಲೇ ಇಟ್ಟಿದ್ದೆ. ಮುಂದಿನ ವಾರ ಹೋಗಿ ನೋಡಿದರೆ, ಭಂಡಾರ ಕೊಂಡು ಹೊರಟಿದ್ದ ಹೆಣ್ಣುಮಗಳೊಬ್ಬಳ ಕೈಯಲ್ಲಿನ ಪೊಟ್ಟಣದ ಮೇಲೆ ನಮ್ಮವ್ವನ ಮುಖ! ಕೆಳಗೆ ಪೂರಾ ನಂಬರು.

"ಯವ್ವಾ, ಇದೇನ ಮಾಡಿದಿ ಮಾರಾಯ್ತಿ?"

"ರದ್ದಿ ಪೇಪರ್ ತೀರಿತ್ತು. ಈ ಹಾಳಿ ಗಟ್ಟಿ ಅದಾವು, ಭಂಡಾರ ಸೋರೂದಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. ಆ ಹೆಣ್ಣುಮಗಳ ಹಿಂದೆ ಓಡಿ, ಬೇರೆ ಪೊಟ್ಟಣ ಕೊಟ್ಟು, ಅದನ್ನು ಇಸಿದುಕೊಂಡು ಬಂದೆ. ಇನ್ನೆಷ್ಟು ಹೋಗಿದ್ದವೋ ಆ ದೇವಿಗೇ ಗೊತ್ತು.

"ನಿನ್ನ ನಂಬರ್ ಹಿಡಕೊಂಡ ಯಾರರ ನಿನ್ನ ಹೆಸರಿಲೆ ಸಾಲ ಎತ್ತತಾರ. ಆಮ್ಯಾಲ ನಿನಗ್ಯಾರೂ ಕೊಡೂದಿಲ್ಲ. ಶೆಡ್ಡೂ ಇಲ್ಲ, ಏನೂ ಇಲ್ಲ!" ಎಂದು ಕೂಗಾಡಿದೆ. ಅವ್ವನ ಮುಖ ಸಣ್ಣದಾಯಿತು. ಪಾಪ ಅನ್ನಿಸಿತು. ಅವತ್ತೇ ಕರೆದುಕೊಂಡು ಹೋಗಿ ಆಧಾರಿನ ಬೆರಳಚ್ಚು ಲಾಕ್ ಮಾಡಿಸಿದೆ. ಮೊಬೈಲಿಗೆ ಬರುವ ನಂಬರನ್ನು ಯಾರು ಕೇಳಿದರೂ ಹೇಳುವುದಿಲ್ಲ ಎಂದು ಆಣೆಯನ್ನೂ ಮಾಡಿಸಿಕೊಂಡೆ.

ಸಾಲ ಮಂಜೂರಾಗುವ ದಿನ ಹುಣ್ಣಿಮೆ ಬಂತು. ಗಿರಾಕಿಗಳ ಗದ್ದಲದಲ್ಲಿ ಅವ್ವ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಸೊಸೈಟಿಗೆ ನಾನೊಬ್ಬಳೇ ಹೋದೆ.

"ಅಕ್ಕಾರ, ನಿಮ್ಮವ್ವಾರ ಮೊಬೈಲಿಗೆ ಓಟಿಪಿ ಹೋಗೈತಿ, ಕೇಳ್ರಿ," ಎಂದ ಗುಮಾಸ್ತ. ಫೋನ್ ಹಚ್ಚಿದೆ.

"ಯವ್ವಾ, ಈಗ ಬಂದ ನಂಬರ್ ಹೇಳ."

"ನೀ ಯಾರು?"

"ಏ, ನಾ ನಿನ್ನ ಮಗಳು!"

"ಧ್ವನಿ ಹಂಗ ಐತಿ ಖರೆ. ನನ್ನ ಮಗಳಾಗಿದ್ರ ಹೇಳು, ಸಣ್ಣಾಕಿ ಇದ್ದಾಗ ಮಲಗೂ ಮುಂದ ಏನ ಮಾಡತಿದ್ದಿ?"

ಸುತ್ತ ಜನ. ಏನು ಮಾಡುವುದು, ನಾಚಿಕೆ ಬಿಟ್ಟು ಹೇಳಿದೆ: "ನಿನ್ನ ಸೆರಗಿನ ಚುಂಗ ಬಾಯಾಗ ಇಟಗೊಂಡ ಮಲಗತಿದ್ದೆ."

ಗುಮಾಸ್ತ ತಲೆ ತಗ್ಗಿಸಿ ನಕ್ಕ. ಆ ಕಡೆಯಿಂದ ಅವ್ವ, "ಹೌದು, ನೀನ ನನ್ನ ಮಗಳು. ಆದ್ರೂ ಹೇಳಂಗಿಲ್ಲ. ಆಣಿ ಮಾಡೇನಿ," ಎಂದು ಫೋನ್ ಇಟ್ಟೇಬಿಟ್ಟಳು!

"ಸಂಜೀ ಒಳಗ ಅವರನ್ನ ಕರಕೊಂಡ ಬರ್ರಿ, ಇಲ್ಲಂದ್ರ ಮುಂದಿನ ತಿಂಗಳಾ," ಎಂದ ಗುಮಾಸ್ತ. ಮುಂದಿನ ತಿಂಗಳೆಂದರೆ ಮಳೆಗಾಲ. ಚೆನ್ನಾಗಿ ಬೈಯಬೇಕೆಂದೇ ಟಂಟಂ ಆಟೊ ಹತ್ತಿ ಉಗರಗೋಳಕ್ಕೆ ಹೋದೆ. ನೋಡಿದರೆ ಅವ್ವ ಆಗಲೇ ಪಕ್ಕದಂಗಡಿಯವಳಿಗೆ ಅಂಗಡಿ ಒಪ್ಪಿಸಿ, ಮೊಬೈಲನ್ನು ಎದೆಗೊತ್ತಿಕೊಂಡು ರಸ್ತೆಯಲ್ಲಿ ಕಾಯುತ್ತಿದ್ದಳು. ಅತ್ತು ಕಣ್ಣು ಕೆಂಪಗಾಗಿದ್ದವು. ಬೈಯುವುದನ್ನು ಬಿಟ್ಟು ಅವಳನ್ನು ಅದೇ ಟಂಟಂಗೆ ಹತ್ತಿಸಿಕೊಂಡೆ.

ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಹೊಸದಾಗಿ ಬಂದ ನಂಬರನ್ನು ಅವ್ವ ತಾನೇ ಒತ್ತಿದಳು, ಸಾಲವೂ ಆಯಿತು. ತಿರುಗಿ ಬರುವಾಗ ಟಂಟಂನಲ್ಲಿ ನನ್ನ ಕೈ ಹಿಡಿದುಕೊಂಡಳು.

"ಇನ್ನ ಮ್ಯಾಲ ಫೋನ್‌ನ್ಯಾಗ ಕೇಳಬ್ಯಾಡ, ನನ್ನವ್ವ," ಅಂದಳು. "ನೀ ಏನರ ಕೇಳಿದಾಗ ಇಲ್ಲ ಅಂದು ನನಗ ರೂಢಿ ಇಲ್ಲ."